ದೂರು ಕೇಳುವವಳು

"ಇದು ಬೇಡ. ಮುಂದಿನದು ಹೇಳಿ."

ಅಷ್ಟೇ! ತಲೆಯೆತ್ತಿ ಅವಳ ಮುಖವನ್ನೂ ನೋಡಲಿಲ್ಲ ಆ ಮಹಾಶಯ. ತಂಡದ ಹಿರಿಯ ಪ್ರೋಗ್ರಾಮರ್. ಸಿಕ್ಕ ಸಲಹೆಯನ್ನೆಲ್ಲ ಕತ್ತರಿಸಿ ಹಾಕುವುದರಿಂದ ಎಲ್ಲರ ಬಾಯಲ್ಲೂ 'ಕತ್ತರಿ'.

ಎರಡು ವರ್ಷ ಬರೀ ಮೆಸೇಜಿನಲ್ಲಿ ಜಗಳವಾಡಿದ್ದ ಇಬ್ಬರೂ ಇವತ್ತೇ ಮೊದಲ ಸಲ ಎದುರುಬದುರು ಕೂತಿದ್ದರು. ಅವರ ತಂಡದ್ದು ಫೈಲ್ ಕಳಿಸುವ ಓಪನ್ ಸೋರ್ಸ್ ಆ್ಯಪ್. ಹತ್ತಾರು ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಮುಂದಿನ ಆವೃತ್ತಿಯಲ್ಲಿ ಏನೇನಿರಬೇಕು ಅಂತ ತೀರ್ಮಾನಿಸಲು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಈ ಸಭೆ.

ಪುಕ್ಕಟೆ ಕೆಲಸ ಮಾಡುವವರ ಜಂಬದ ಮುಂದೆ ಸಂಬಳದವರ ಜಂಬ ಏನೇನೂ ಅಲ್ಲ ಬಿಡಿ! ಒಬ್ಬನಿಗೆ ಬಟನ್ ಹೊಳೆಯಬೇಕಂತೆ. ಇನ್ನೊಬ್ಬನಿಗೆ ಫೈಲ್ ತಲುಪಿದಾಗ ಪರದೆ ತುಂಬ ಬಣ್ಣದ ಚೂರು ಉದುರಬೇಕಂತೆ. ಬಣ್ಣದ ಚೂರಿಗೆ ಒಪ್ಪಿಗೆಯೂ ಸಿಕ್ಕಿತು!

ಅವಳು ಕೇಳಿದ್ದು ಒಂದೇ. ನೆಟ್‌ವರ್ಕ್ ಹೋದರೆ ಫೈಲ್ ನಿಂತಲ್ಲಿಂದಲೇ ಮುಂದುವರಿಯಬೇಕು. ಹಡಗಿನಲ್ಲಿ ನರ್ಸ್ ಆಗಿರುವ ಅಕ್ಕ ಅಮ್ಮನಿಗೆ ವಿಡಿಯೊ ಕಳಿಸುತ್ತಾಳೆ. ಮುಕ್ಕಾಲು ಬಂದು ನಿಂತುಹೋಗುತ್ತದೆ, ಮತ್ತೆ ಮೊದಲಿಂದ. ಅಮ್ಮ ಫೋನ್ ಹಿಡಿದುಕೊಂಡೇ ಸೋಫಾದಲ್ಲಿ ನಿದ್ದೆ ಹೋಗುತ್ತಾಳೆ.

ಇದೂ ಆಗದಿದ್ದರೆ ಈ ತಂಡದ ಸಹವಾಸವೇ ಸಾಕು ಅಂತ ನಿರ್ಧರಿಸಿಯೇ ಬಂದಿದ್ದಳು. ಬ್ಯಾಗ್ ಎತ್ತಿಕೊಂಡು ಹೊರಟಳು.

"ದೂರುಪೆಟ್ಟಿಗೆಗೆ ಕೋಪ ಬಂತು," ಯಾರೋ ಕಿಸಕ್ಕೆಂದ.

ಬಳಸುವವರ ದೂರಿಗೆಲ್ಲ ಉತ್ತರ ಬರೆಯುವವಳು ಅವಳೊಬ್ಬಳೇ. ಕೋಡ್ ಬರೆಯುವ ಪಂಡಿತರಿಗೆ ಅದು ತಮ್ಮ ಯೋಗ್ಯತೆಗೆ ಕಡಿಮೆಯ ಕೆಲಸ.

ಮೆಟ್ಟಿಲ ಹತ್ತಿರ ಕತ್ತರಿ ಓಡಿಬಂದ.

"ಒಂದ್ನಿಮಿಷ ನಿಲ್ಲಿ!"

"ಯಾಕೆ? ಇನ್ನೇನಾದ್ರೂ ಕತ್ತರಿಸೋದು ಬಾಕಿ ಇದ್ಯಾ?"

"ಬಣ್ಣದ ಚೂರು ಕೆಟ್ರೆ ಯಾರೂ ಅಳಲ್ಲ. ನಿಮ್ಮದು ಕೆಟ್ರೆ ಅರ್ಧ ಫೈಲನ್ನೇ ಪೂರ್ತಿ ಅಂತ ತೋರಿಸಿಬಿಡುತ್ತೆ. ಜನ ನಂಬಿ ಮೂಲ ಅಳಿಸಿ ಹಾಕ್ತಾರೆ. ಆಮೇಲೆ ಬೈಗುಳ ತಿನ್ನೋದು ಯಾರು? ನೀವು! ಜ್ವರದಲ್ಲೂ ಕೂತು ಉತ್ತರ ಬರೀತಿದ್ರಿ... ನಂಗೆ ಗೊತ್ತು. ನಿಮ್ಮ ತಲೆಗೆ ಇನ್ನೊಂದು ಹೊರೆ ಯಾಕೆ ಅಂತ..."

ಅವಳ ಮನಸ್ಸು ಒಂದು ಕ್ಷಣ ಕರಗಿತು. ಮರುಕ್ಷಣವೇ ಮೈಯೆಲ್ಲ ಉರಿಯಿತು.

"ನನ್ನನ್ನ ಒಂದು ಮಾತೂ ಕೇಳದೆ ನನ್ನ ಮೇಲೆ ಕರುಣೆನಾ? ಹೊರೆ ಇಳಿಸ್ಬೇಕು ಅನ್ನಿಸಿದ್ರೆ ನೀವೂ ಹೆಗಲು ಕೊಡ್ಬಹುದಿತ್ತು. ಅದಕ್ಕೆ ಘನತೆ ಅಡ್ಡ ಬಂತಾ?"

ಅವನ ಮುಖ ಸಪ್ಪಗಾಯಿತು. ತಿರುಗಿ ಒಳಗೆ ಹೋದ. ತೆರೆದ ಬಾಗಿಲಿನಿಂದ ಅವನ ದನಿ ಕೇಳಿಸಿತು.

"ಅವರು ಹೇಳಿದ್ದು ಮುಂದಿನ ವರ್ಷನ್‌ಗೆ ಸೇರ್ಲಿ. ಕೋಡ್ ನಾನು ಬರೀತೀನಿ. ಅದರ ದೂರೆಲ್ಲ ನಂಗೇ ಬರ್ಲಿ."

"ಕತ್ತರಿ ಕೂತ್ಕೊಂಡು 'ಅಜ್ಜೀ, ಮತ್ತೊಮ್ಮೆ ಬಟನ್ ಒತ್ತಿ' ಅಂತ ಬರೀತಾನಾ?" ಕೋಣೆಯೇ ನಕ್ಕಿತು.

"ಬರೀತೀನಿ. ಇಷ್ಟು ದಿನ ಅವರೊಬ್ಬರ ಮೇಲೆ ಹೊರಿಸಿ ಆರಾಮಾಗಿ ಕೂತಿದ್ವಲ್ಲ, ನಾಚಿಕೆ ಆಗ್ಬೇಕು ನಮಗೆ."

ನಗು ನಿಂತಿತು.

ಅವನು ಹೊರಬಂದಾಗ ಅವಳು ಅಲ್ಲೇ ಇದ್ದಳು. 'ಹೋಗಬೇಕಿತ್ತು... ಹಾಳಾದ ಕಾಲೇ ಬರ್ತಿಲ್ಲವಲ್ಲ!'

"ನಂಗೆ ನೀವಂದ್ರೆ ಇಷ್ಟ," ಎಂದ ಅವನು, ಗೋಡೆ ನೋಡುತ್ತ. "ನಿಮ್ಮ ಉತ್ತರ ಓದೋಕೇ ದಿನಾ ಆ ದೂರುಗಳನ್ನ ತೆಗೀತಿದ್ದೆ."

"ಎರಡು ವರ್ಷ ಓದಿದ್ರಿ. ಒಂದಕ್ಕಾದ್ರೂ ಉತ್ತರ ಬರೆದ್ರಾ?"

"ಹೇಗೆ ಬರೀಬೇಕು ಅಂತಾನೇ ಗೊತ್ತಿಲ್ಲ. ಏನಂತ ಶುರು ಮಾಡ್ಲಿ?"

"ಮೊದಲು ಕ್ಷಮೆ ಕೇಳಿ."

"ಅಭ್ಯಾಸ ಇಲ್ಲ..."

"ಗೊತ್ತು! ಇಲ್ಲಿಂದಲೇ ಶುರು ಮಾಡಿ." ಅವಳ ಕಣ್ಣು ತುಂಬಿ ಬಂದಿತ್ತು.

ಅವನು ಅವಳ ಕೈ ಹಿಡಿದುಕೊಂಡ. "ಕ್ಷಮಿಸು..."

"ಕೇಳಿಸ್ಲಿಲ್ಲ," ಎಂದಳು ಅವಳು, ಅವನ ತೋಳಿಗೆ ಒರಗುತ್ತ. "ಇನ್ನೊಂದ್ಸಲ ಹೇಳು."