ಅನುವಾದದಲ್ಲಿ ಬಿಟ್ಟ ಮಾತು

“ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?”

ಅವನು ಕೇಳಿದ್ದು ಮೆಲ್ಲಗೇ. ಆದರೂ ವರದಿಗಾರ್ತಿಯ ಕೆನ್ನೆ ಬಿಸಿಯಾಯಿತು. ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಅವನ ತಾಯಿಯ ಸಂದರ್ಶನ ನಡುವೆಯೇ ನಿಂತಿತ್ತು.

“ನಂಬಿಕೆಯ ಮಾತಲ್ಲ. ಮಾತಾಡಿದ್ದು ತಾಯಿ, ಅನುವಾದ ಮಾಡಿದ್ದು ಮಗ. ಸನ್ನೆ ಭಾಷೆ ಬಲ್ಲ ಇನ್ನೊಬ್ಬರಿಗೆ ತೋರಿಸ್ಲೇಬೇಕು. ತೋರಿಸ್ದೆ.”

ಹದಿನೈದು ದಿನದ ಹಿಂದೆ ಯಾರೋ ಒಂದು ವಿಡಿಯೋ ಹರಿಬಿಟ್ಟಿದ್ದರು. ಬಸ್ ಸ್ಟಾಪಿನಲ್ಲಿ ನಾಲ್ವರು ಹೆಂಗಸರ ಕೈಸನ್ನೆ. ಜೇಬುಗಳ್ಳರ ಗ್ಯಾಂಗು, ಹುಷಾರು ಎಂಬ ಅಡಿಬರಹ. ನಾಲ್ವರೂ ಕಿವಿ ಕೇಳದವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಅವರಲ್ಲಿ ಅವನ ತಾಯಿಯೂ ಒಬ್ಬರು. ವಿಡಿಯೋ ಊರು ಸುತ್ತಿದ ಮೇಲೆ ಸೂಪರ್‌ವೈಸರ್ ಅವರನ್ನು ಕೆಲಸಕ್ಕೆ ಬರಬೇಡಿ ಎಂದುಬಿಟ್ಟ. ಅಸಲಿಗೆ ಅವರು ಅವತ್ತು ಜಗಳವಾಡಿದ್ದು ಯಾವ ಬಸ್ ಹತ್ತುವುದು ಎಂದು!

ವರದಿಗಾರ್ತಿ ಬಸ್ ಟಿಕೆಟ್, ಹಾಜರಿ ಯಂತ್ರದ ಸಮಯ, ಎಲ್ಲವನ್ನೂ ತಾಳೆ ನೋಡಿದ್ದಳು. ದಿನಾ ಸಂಜೆ ಅವನ ಜೊತೆ ಆ ನಾಲ್ವರ ಮನೆಗಳ ಮೆಟ್ಟಿಲು ಹತ್ತಿದ್ದಳು. ಸನ್ನೆ ಮಾಡುವಾಗ ಅವನ ಹುಬ್ಬೂ ಮಾತಾಡುತ್ತಿತ್ತು. ಒಂದೆರಡು ಸಲ ಅವಳು ಬರೆದುಕೊಳ್ಳುವುದನ್ನೇ ಮರೆತಿದ್ದಳು.

“ಮಿಕ್ಕಿದ್ದೆಲ್ಲ ಸರಿ ಇದೆ. ಇಲ್ಲಿ ಮಾತ್ರ ಅಮ್ಮ ಇಷ್ಟುದ್ದ ಹೇಳ್ತಾರೆ, ನೀವು ‘ಇನ್ನೊಂದ್ ಸಲ ಬನ್ನಿ ಅಂತಿದಾರೆ’ ಅಂದ್ರಿ. ಪರೀಕ್ಷಿಸಿದವರು ‘ಅದಲ್ಲ, ಮಗನನ್ನೇ ಕೇಳಿ’ ಅಂತ ಬರೆದಿದಾರೆ. ಒಂದು ವಾಕ್ಯ ತಪ್ಪಿದ್ರೂ ಸಂಪಾದಕರು ಇಡೀ ಸಂದರ್ಶನ ತೆಗೀತಾರೆ. ಅಮ್ಮನ ಕೆಲಸದ ಪ್ರಶ್ನೆ. ಏನ್ ಮುಚ್ಚಿಟ್ರಿ?”

ಅವನ ಕಿವಿ ಕೆಂಪೇರಿತು. “ಬರ್ಕೊಳ್ತೀರಾ?”

“ಬರ್ಕೊಳ್ಳೇಬೇಕು.”

ಅವನು ಗೋಡೆ ನೋಡುತ್ತಾ ಒಪ್ಪಿಸಿದ: “‘ಈ ಹುಡುಗಿ ನನ್ನ ಜೊತೆ ಮಾತಾಡುವಾಗ ನನ್ನ ಮುಖ ನೋಡ್ತಾಳೆ. ಒಳ್ಳೆಯವಳು. ನೀನೋ, ಬಂದಾಗಿನಿಂದ ಅವಳನ್ನೇ ನೋಡ್ತಿದೀಯ. ನಿನಗೆ ಬಾಯಿದೆಯಲ್ಲ, ಹೇಳೋಕೇನು ಧಾಡಿ?’”

ಪೆನ್ನು ನಿಂತಿತು.

“ನಿಜವಾ?”

“ಅಮ್ಮ ಹೇಳಿದ್ದಾ?”

“ಅಲ್ಲ. ನೀವು ನೋಡ್ತಿದ್ದದ್ದು.”

“ಮೊದಲನೇ ದಿನದಿಂದ.”

ಅವಳು ನೋಟ್‌ಬುಕ್ ಮುಚ್ಚಿದಳು. “ವರದಿ ಪ್ರಕಟ ಆಗೋ ತನಕ ನಾನು ಏನೂ ಹೇಳೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ.”

ಸಂಪಾದಕರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇರೊಬ್ಬ ಅನುವಾದಕಿಯನ್ನು ಕೂರಿಸಿಕೊಂಡು ಸಂದರ್ಶನ ಮತ್ತೆ ಮೊದಲಿನಿಂದ ನಡೆಯಿತು. ಅವನು ಅತ್ತ ಸುಳಿಯಲಿಲ್ಲ. ಆ ಸಂಜೆಗಳು ಅವಳಿಗೆ ಉದ್ದವೆನಿಸಿದವು.

ಗುರುವಾರ ವರದಿ ಬಂತು. ಸೋಮವಾರ ಬೆಳಿಗ್ಗೆ ನಾಲ್ವರೂ ಮತ್ತೆ ಕೆಲಸಕ್ಕೆ ಹೊರಟರು. ಅವರು ಗೇಟು ದಾಟುವುದನ್ನು ನೋಡಲು ವರದಿಗಾರ್ತಿ ಬಂದಳು. ರಸ್ತೆಯ ಆಚೆ ಬದಿಯಲ್ಲಿ ಅವನು ನಿಂತಿದ್ದ. ನಡುವೆ ಲಾರಿಗಳ ಸಾಲು, ಹಾರ್ನಿನ ಗದ್ದಲ. ಗಂಟಲು ಹರಿಯುವಂತೆ ಕೂಗಿದರೂ ಕೇಳದು.

ಅವಳು ಕೈ ಎತ್ತಿದಳು. ಭಾನುವಾರವೆಲ್ಲ ಅವನ ತಾಯಿಯ ಎದುರು ಕೂತು ಕಲಿತ ಒಂದೇ ವಾಕ್ಯ: ನಾನೂ ನಿನ್ನನ್ನೇ ನೋಡುತ್ತಿದ್ದೆ.

ಅವನು ಒಂದು ಕ್ಷಣ ಕದಲದೆ ನಿಂತ. ಆಮೇಲೆ ನಗುತ್ತಾ, ತನ್ನ ಕೈ ಎತ್ತಿ, ಅವಳು ತಪ್ಪಿದ ಒಂದು ಬೆರಳನ್ನು ತಿದ್ದಿ ತೋರಿಸಿದ. ಅವಳು ಮತ್ತೆ ಹೇಳಿದಳು, ಈ ಸಲ ತಪ್ಪಿಲ್ಲದೆ.

ಗೇಟಿನೊಳಗೆ ನಾಲ್ಕು ಜೊತೆ ಕೈಗಳು ಮೇಲೆದ್ದು, ಎಲೆಗಳ ಹಾಗೆ ಅಲುಗಿದವು. ಕಿವಿ ಕೇಳದವರ ಚಪ್ಪಾಳೆ ಹಾಗೆಯೇ.