ಇಲ್ಮರಿ ತೆಗೆದುಕೊಳ್ಳದ ಅರ್ಜಿ

"ನೀನಾ...?"

ತೂಲಿಕ್ಕಿ ಬಾಗಿಲಲ್ಲೇ ನಿಂತುಬಿಟ್ಟಳು. ಮೇಜಿನ ಆಚೆ ಕುಳಿತಿದ್ದವನು ಇಲ್ಮರಿ!

ಹದಿನೆಂಟು ವರ್ಷಗಳ ಹಿಂದೆ ತುರ್ಕು ಪಟ್ಟಣದ ನದೀ ದಂಡೆಯಲ್ಲಿ ಇಬ್ಬರೂ ಒಂದೇ ಪೊಟ್ಟಣದಿಂದ ಹಸಿ ಬಟಾಣಿ ಬಿಡಿಸಿ ತಿನ್ನುತ್ತಿದ್ದರು. ಆ ಬೇಸಿಗೆಗಳು ಎಷ್ಟು ಉದ್ದವಾಗಿದ್ದವು! ಆಮೇಲೆ ಅವನು ಓದಲು ದೂರದ ಔಲು ನಗರಕ್ಕೆ ಹೋದ. ಪತ್ರಗಳು ವಿರಳವಾಗಿ, ಒಂದು ದಿನ ನಿಂತೇಹೋದವು.

"ಕೂತ್ಕೋ. ಏನಾಯ್ತು, ಹೇಳು."

ತೂಲಿಕ್ಕಿ ಹಡಗಿನ ನಕ್ಷೆ ಬರೆಯುವ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಕೊನೆಯ ಎರಡು ವರ್ಷ ಅವಳು ಕಾಫಿ ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು, ಕುರ್ಚಿಗಳು ದೂರ ಸರಿಯುತ್ತಿದ್ದವು. ದೂರು ಕೊಟ್ಟರೆ, "ತಮಾಷೆ ತಡ್ಕೊಳ್ಳೋಕೂ ಆಗಲ್ವಾ?" ಎಂದಿದ್ದರು ಮೇಲಿನವರು. ಕೆಲಸ ಬಿಟ್ಟು, ಕೆಲಸ ಕಳೆದುಕೊಂಡವರಿಗೆ ಹೊಸ ದಾರಿ ತೋರಿಸುವ ಈ ಕೇಂದ್ರಕ್ಕೆ ಬಂದಿದ್ದಳು; ಇಲ್ಮರಿ ಇಲ್ಲಿ ಸಲಹೆಗಾರನೆಂದು ಗೊತ್ತಿರಲಿಲ್ಲ.

ಎಲ್ಲ ಕೇಳಿ ಇಲ್ಮರಿ ಪೆನ್ನು ಕೆಳಗಿಟ್ಟ. "ನಿನ್ನ ಅರ್ಜಿ ನಾನು ತಗೊಳ್ಳೋಕಾಗಲ್ಲ. ಇಲ್ಲೇ ಇರೋ ಇನ್ನೊಬ್ಬ ಸಲಹೆಗಾರ್ತಿ ಸಿರ್ಕಾ ಅವರ ಹತ್ರ ಕಳಿಸ್ತೀನಿ."

'ಇಲ್ಲೂ ಬೇಡವಾದೆನಾ...?'

"ಕುರ್ಚಿ ಎಳ್ಕೊಂಡು ಹೋಗ್ತಿದ್ದೋರಿಗೂ ನಿನಗೂ ಏನು ವ್ಯತ್ಯಾಸ?" ಎಂದವಳೇ ಹೊರಬಂದಳು.

ಅರವತ್ತರ ಸಿರ್ಕಾ ಪ್ರಮಾಣಪತ್ರ ಕೇಳಲೇ ಇಲ್ಲ. "ಚಿಕ್ಕೋಳಿದ್ದಾಗ ಏನು ಮಾಡ್ತಿದ್ರೆ ನಿಂಗೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ?" ಎಂದರು.

ತಾತನ ಮರದ ದೋಣಿಗಳು, ಅವಕ್ಕೆ ಬಳಿಯುತ್ತಿದ್ದ ಟಾರಿನ ವಾಸನೆ... ತೂಲಿಕ್ಕಿ ಬಿಕ್ಕಿ ಬಿಕ್ಕಿ ಅತ್ತಳು.

ವಸಂತದಲ್ಲಿ ಹಳೆಯ ದೋಣಿ ರಿಪೇರಿ ಮಾಡುವ ಶೆಡ್ಡಿಗೆ ಸಿರ್ಕಾ ಅವಳನ್ನು ಕಳಿಸಿದರು. ಮೊದಲ ದಿನ ಕಾಫಿ ಲೋಟ ಹಿಡಿದು ಮೂಲೆಯಲ್ಲಿ ನಿಂತವಳಿಗೆ ಮುದುಕ ಬಡಗಿಯೊಬ್ಬ ಕುರ್ಚಿ ಎಳೆದುಕೊಟ್ಟ. "ಬಾರಮ್ಮಾ, ನಿಂತು ಕುಡಿದ್ರೆ ಕಾಫಿ ಕಾಲಿಗಿಳಿಯುತ್ತೆ!"

ಎಷ್ಟು ದಿನದ ಮೇಲೆ ನಕ್ಕಿದ್ದಳೋ!

ಜೂನ್‌ನಲ್ಲಿ ಕೆಲಸ ಕಾಯಂ ಆಯಿತು. ಮರುದಿನ ಸಂಜೆ ಶೆಡ್ಡಿನ ಗೇಟಿನಲ್ಲಿ ಇಲ್ಮರಿ ನಿಂತಿದ್ದ.

"ಸಿರ್ಕಾ ನಿನ್ನ ಫೈಲು ಮುಚ್ಚಿದ್ರಂತೆ. ಅದಕ್ಕೇ ಬಂದೆ."

"ಫೈಲು ಮುಚ್ಚೋವರೆಗೆ ಬರಬಾರದಿತ್ತಾ?"

"ಮನಸ್ಸಿಗೆ ಬೇಕಾದವರ ಕೇಸು ನಾವು ತಗೊಳ್ಳೋ ಹಾಗಿಲ್ಲ, ತೂಲಿಕ್ಕಿ. ನಾನು ಅವತ್ತೇ ಮನಸ್ಸು ಬಿಚ್ಚಿದ್ರೆ... ಅಷ್ಟು ಕುಗ್ಗಿದ್ದೆ ನೀನು, ಆಸರೆ ಸಿಕ್ತು ಅಂತ ಹ್ಞೂಂ ಅಂದ್ಬಿಡ್ತೀಯೇನೋ ಅಂತ ಭಯ."

"ಎಷ್ಟು ಅತ್ತಿದ್ದೀನಿ ಗೊತ್ತಾ?"

"ತಪ್ಪು ನಂದೇ. ಪತ್ರ ನಿಲ್ಲಿಸಿದ್ದೂ ನಾನೇ." ಅವನ ಕಣ್ಣು ತುಂಬಿತ್ತು. "ಈಗ ನೀನು ಇಲ್ಲ ಅಂದ್ರೂ ತಡ್ಕೋತೀನಿ."

ತೂಲಿಕ್ಕಿ ಟಾರು ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದಳು.

"ಇಲ್ಲ ಅನ್ನೋಕೆ ಈಗ ಧೈರ್ಯ ಬಂದಿದೆ, ಇಲ್ಮರಿ... ಮನಸ್ಸೇ ಬರ್ತಿಲ್ಲ."