ಅಲುಗದ ಕಾಯಿಯ ತೆಪ್ಪ

ಪುಟ್ಟಗೌರಮ್ಮ ಹದಿನೈದು ದಿನದಿಂದ ಗಂಜಿ ಬಿಟ್ಟು ಬೇರೇನನ್ನೂ ಬಾಯಿಗಿಟ್ಟಿರಲಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಕೊರವ ಮೀನಿನ ಸಾರಾದ್ರೆ ಒಂದ್ ತುತ್ತು ಮುದ್ದೆ ಉಣ್ಣಬೋದೇನೋ" ಅಂದಳು. ಅವಳ ಗಂಡ ಕೆಂಚಪ್ಪನಿಗೆ ಅಷ್ಟು ಸಾಕಾಯಿತು.

ಅದು ಎರಡು ಸಾವಿರದ ಆರನೆಯ ಇಸವಿ. ದಂಡಿನಶಿವರದ ಆಚೆಗಿದ್ದ ಅವರ ಊರಿನಲ್ಲಿ ಚಿಕುನ್‌ಗುನ್ಯ ಹೊಗದ ಮನೆಯಿರಲಿಲ್ಲ. ಜ್ವರ ಹೋದರೂ ಕೀಲುನೋವು ಹೋಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಗಂಡಸರು ಗೋಡೆ ಹಿಡಿದು ಮೇಲೇಳುತ್ತಿದ್ದರು. ಪುಟ್ಟಗೌರಮ್ಮನ ತಮ್ಮ ದಯಾನಂದ್ ತುರುವೇಕೆರೆಯಿಂದ ಐಸ್‌ನಲ್ಲಿಟ್ಟ ಕಾಟ್ಲಾ ಮೀನು ತಂದಿದ್ದ. ಅದರ ವಾಸನೆಗೇ ಅವಳಿಗೆ ವಾಂತಿ ಬಂದಿತ್ತು. ಇನ್ನು ಉಳಿದದ್ದು ಊರ ಕೆರೆ.

"ಕೆರೇಲಿ ಕೊರವ ಐತೆ ಕಣಪ್ಪ," ಅಂದ ಸಣ್ಣತಿಮ್ಮಯ್ಯ. ಅರವತ್ತೈದು ದಾಟಿದ ಅವನು ಒಂದು ಕಾಲದಲ್ಲಿ ಆ ಕೆರೆಯಲ್ಲೇ ಬಲೆ ಬೀಸಿ ಬದುಕಿದವನು. "ಅದು ಉಸಿರಿಗೆ ಮೇಲಕ್ಕೆ ಬರ್ಲೇಬೇಕು. ನೀರ್ ಮುಚ್ಚಿರೋ ಅಂತರಗಂಗೇಲಿ ಒಂದು ಕಿಂಡಿ ಕೊರೆದು ಕಾದ್ರೆ ತಾನಾಗೇ ಬತ್ತದೆ. ಹೋಗೋಕೆ ತೆಪ್ಪ ಬೇಕಲ್ಲ. ಒಂದು ಹಳೇ ಬಾಗ್ಲು, ನಾಕು ಚೀಲ ಸುಲಿದ ಕಾಯಿ ಹೊಂದಿಸು."

ಕೆಂಚಪ್ಪನ ಹಜಾರದಲ್ಲಿ ಜ್ವರಕ್ಕೆ ಮುಂಚೆ ಸುಲಿದ ಕಾಯಿ ಎರಡು ರಾಶಿಯಾಗಿ ಬಿದ್ದಿತ್ತು. ಅಲುಗಿಸಿದರೆ ಗಿಟಗಿಟ ಅನ್ನುವ ಕಾಯಿ ಒಂದು ಕಡೆ. ಒಳಗಿನ ನೀರು ಆರಿ ಕೊಬ್ಬರಿಯಾದವು, ತಿಪಟೂರಿನ ಮಾರುಕಟ್ಟೆಗೆ ಹೋಗಬೇಕಾದವು. ಸದ್ದು ಮಾಡದವು ಇನ್ನೊಂದು ಕಡೆ. ಇನ್ನೂ ಒಳಗೆ ತುಂಬ ನೀರಿರುವವು, ಅಡಿಗೆಗೆ. ಅಟ್ಟದಲ್ಲಿ ವರ್ಷವಿಡೀ ಕಾಯ್ದ ಕೊಬ್ಬರಿಯನ್ನು ಕೆರೆಗೆ ಹಾಕುವುದುಂಟೇ? ಕೆಂಚಪ್ಪ ಅಡಿಗೆಯ ರಾಶಿಯನ್ನೇ ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ ನೋಡಿ ಚೀಲಕ್ಕೆ ತುಂಬಿದ. ಊದಿದ ಮಣಿಕಟ್ಟು ಪ್ರತಿ ಸಲವೂ ಚುರುಕ್ ಅನ್ನುತ್ತಿತ್ತು. ಆದರೂ ಬಿಡಲಿಲ್ಲ.

ಏರಿಯ ಮೇಲೆ ನಿಂತಾಗ ಬಿಸಿಲೇರಿತ್ತು. ಕೆರೆಯ ಉದ್ದಗಲಕ್ಕೂ ಹಸಿರೇ ಹಸಿರು. ಅಂತರಗಂಗೆ ಒಂದರ ಮೇಲೊಂದು ಬೆಳೆದು, ಹಳೆಯದು ಕೊಳೆತು, ಅದರ ಮೇಲೆ ಹುಲ್ಲೂ ಚಿಗುರಿ, ಹೊಸಬರಾದರೆ ಗದ್ದೆಯೆಂದು ಇಳಿದೇಬಿಡುವ ಹಾಗಿತ್ತು. ಅದರ ಮೇಲೆ ಬೆಳ್ಳಕ್ಕಿಗಳು ಕಾಲೂರಿ ಓಡಾಡುತ್ತಿದ್ದವು. ಆಚೆ ದಡದ ತೆಂಗಿನ ತೋಟಗಳು ಬಿಸಿಲಿಗೆ ಅಲುಗದೆ ನಿಂತಿದ್ದವು. ನಾಲ್ಕು ಆಳು ಮುಳುಗುವ ನೀರು ಎಲ್ಲೂ ಕಾಣುತ್ತಿರಲಿಲ್ಲ, ಅದರ ವಾಸನೆ ಮಾತ್ರ ಬರುತ್ತಿತ್ತು.

ಕೆಂಚಪ್ಪ, ತಿಮ್ಮಯ್ಯ, ದಯಾನಂದ್ ಮೂವರಿಗೂ ಜ್ವರ ಬಿಟ್ಟು ಕೀಲುನೋವು ಉಳಿದಿತ್ತು; ತೆಪ್ಪ ಕಟ್ಟುವಷ್ಟರಲ್ಲೇ ಅರ್ಧ ಸತ್ತಿದ್ದರು. ಬಾಗಿಲ ಕೆಳಗೆ ನಾಲ್ಕು ಚೀಲ, ಒಂದು ತುದಿಗೆ ತೆಂಗಿನ ನಾರಿನ ಹಗ್ಗ. ಹಗ್ಗದ ಇನ್ನೊಂದು ತುದಿ ಏರಿಯ ಮೇಲೆ ದಯಾನಂದನ ಕೈಯಲ್ಲಿ.

"ಬೆರಳು ಮಡಚಾಕೇ ಆಗ್ತಿಲ್ಲ ಭಾವ. ನಾನ್ ಹೆಂಗ್ ಎಳೀಲಿ?"

"ಸೊಂಟಕ್ಕೆ ಸುತ್ತಿಕೊಳ್ಳೋ."

ಬಿದಿರಿನ ಗಳವನ್ನು ಅಂತರಗಂಗೆಗೆ ಊರುತ್ತಾ, ನಿಂತು ಉಸಿರೆಳೆದುಕೊಳ್ಳುತ್ತಾ, ಮತ್ತೆ ಊರುತ್ತಾ ಕೆಂಚಪ್ಪ, ತಿಮ್ಮಯ್ಯ ಐವತ್ತು ಮಾರು ದೂರ ಹೋದರು. ತೆಪ್ಪ ಅಂತರಗಂಗೆಯ ಮೇಲೆ ಜಾರುತ್ತಾ ಚೆನ್ನಾಗಿಯೇ ಸಾಗಿತು. ತಿಮ್ಮಯ್ಯ ಕೈಯೆತ್ತಿ ನಿಲ್ಲಿಸಿದ. ಕೆಂಚಪ್ಪ ಅಂಚಿಗೆ ಬಗ್ಗಿ ಮಚ್ಚಿನಿಂದ ಬೇರು ಕಡಿದು ಕಡಿದು ಎತ್ತಿಹಾಕಿದ. ಬಾವಿಯ ಬಾಯಿಯಷ್ಟು ಅಗಲಕ್ಕೆ ಕಪ್ಪು ನೀರು ಕಂಡಿತು.

ಕಿಂಡಿಯ ಕಡೆಗಿದ್ದ ತೆಪ್ಪದ ಅಂಚು ಕುಸಿಯಿತು.

"ಹಿಂದಕ್ ಬಾ ಕೆಂಚಪ್ಪ!"

ಅಷ್ಟರಲ್ಲಿ ಬಾಗಿಲು ವಾಲಿತ್ತು. ಮಚ್ಚು ಹೋಯಿತು, ಗಾಳದ ಕೋಲು ಹೋಯಿತು, ಅದರ ಹಿಂದೆಯೇ ಕೆಂಚಪ್ಪನೂ ಹೋದ.

ಕೆಳಗೆ ಕತ್ತಲೆ.

ಬೇರುಗಳು ಮುಖಕ್ಕೆ, ಕತ್ತಿಗೆ ಸುತ್ತಿಕೊಂಡವು. ಮೇಲಕ್ಕೆ ಬಂದರೆ ತಲೆಗೆ ಅಂತರಗಂಗೆ ಅಡ್ಡ. ಕಿಂಡಿ ಎಲ್ಲಿ? ಎಡಕ್ಕೆ ತಡಕಿದ. ಬೇರು. ಬಲಕ್ಕೆ ತಡಕಿದ. ಬೇರು. ಎದೆ ಒಡೆಯುವಂತಾಯಿತು. ಹಾಸಿಗೆಯಲ್ಲಿ ಗೋಡೆ ನೋಡುತ್ತಾ ಮಲಗಿದವಳು ಒಬ್ಬಳೇ ಆಗುತ್ತಾಳಲ್ಲ ಎಂದು ಅವನಿಗೆ ಸಾವಿಗಿಂತ ಹೆಚ್ಚು ಭಯವಾಯಿತು.

ಬಿದಿರಿನ ಗಳ ಭುಜಕ್ಕೆ ಬಡಿಯಿತು.

ಮುಷ್ಟಿ ಕಟ್ಟಲು ಬೆರಳು ಕೇಳಲಿಲ್ಲ. ಎರಡೂ ಮೊಣಕೈಗಳಿಂದ ಗಳವನ್ನು ತಬ್ಬಿಕೊಂಡ. ತಿಮ್ಮಯ್ಯ ಎಳೆದ. ತಲೆ ಕಿಂಡಿಯಲ್ಲಿ ಮೇಲೆದ್ದಿತು. ತಿಮ್ಮಯ್ಯ ಹಗ್ಗವನ್ನು ಬಾಗಿಲಿನಿಂದ ಬಿಚ್ಚಿ ಅವನ ಕಂಕುಳಿಗೆ ಸುತ್ತಿ ಕೂಗಿದ, "ಎಳಿಯೋ ದಯಾನಂದಾ!"

ಏರಿಯ ಮೇಲೆ ದಯಾನಂದ್ ನೋವಿಗೆ ಅಳುತ್ತಲೇ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಎತ್ತಿನ ಹಾಗೆ ಇಳಿಜಾರಿನಲ್ಲಿ ನಡೆದ. ಕೆಂಚಪ್ಪ ಬಾಗಿಲ ಮೇಲೆ ಬಂದು ಬೋರಲು ಬಿದ್ದ. ಕುಡಿದ ಕೆರೆನೀರನ್ನೆಲ್ಲ ಕಾರಿದ.

ಕುಸಿದ ಅಂಚನ್ನು ನೋಡುತ್ತಾ ತಿಮ್ಮಯ್ಯ ಕೇಳಿದ, "ಯಾವ ಕಾಯಿ ತುಂಬಿದ್ದೀಯಪ್ಪ?"

"ಅಲುಗ್ದೆ ಇರೋವು. ಅಲುಗೋವು ಕೊಬ್ರಿಯಲ್ವಾ?"

"ಅಯ್ಯೋ ನಿನ್ನ! ಹೊಟ್ಟೆ ತುಂಬ ನೀರಿರೋ ಕಾಯಿ ತೇಲ್ತವೇನೋ? ಇಷ್ಟೊತ್ತು ನಮ್ಮನ್ನ ಹೊತ್ತಿದ್ದು ಅಂತರಗಂಗೆ ಕಣಪ್ಪ. ನಿನ್ನ ಕಾಯಲ್ಲ!"

ಕೆಂಚಪ್ಪನಿಗೆ ನಾಚಿಕೆಯಾಯಿತು. "ಹೋಗಾಣ ತಿಮ್ಮಣ್ಣ. ನನ್ ಕೈಲಾಗಲ್ಲ," ಅಂದ.

ಆಗ ಕಿಂಡಿಯಲ್ಲಿ ಗುಳುಕ್ ಎಂದು ಸದ್ದಾಯಿತು. ಹಾವಿನಂಥ ಒಂದು ತಲೆ ಮೇಲೆದ್ದು ಗಾಳಿ ನುಂಗಿ ಒಳಗೆ ಹೋಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೋಲಿಲ್ಲ. ತಿಮ್ಮಯ್ಯನ ಜೇಬಿನಲ್ಲಿ ಒಂದು ಸುತ್ತು ನೈಲಾನ್ ದಾರ, ಎರಡು ಗಾಳವಿದ್ದವು. ಅವನ ಸೊಂಟಕ್ಕೆ ಕಟ್ಟಿದ್ದ ಎರೆಯ ಡಬ್ಬಿಯಲ್ಲಿ ಒಂದು ಕಪ್ಪೆ ಉಳಿದಿತ್ತು. ದಾರವನ್ನು ಹಿಡಿಯೋಣವೆಂದರೆ ಇಬ್ಬರ ಬೆರಳೂ ಮಡಚದು. ತಿಮ್ಮಯ್ಯ ಬಾಗಿಲ ಅಂಚಿನಿಂದ ಬಗ್ಗಿ ಚೀಲದ ಬಾಯಿಗೆ ಕೈ ಹಾಕಿ ಕಾಯಿಗಳನ್ನು ಅಲುಗಿಸುತ್ತಾ ಹೋದ. ಹತ್ತನೆಯದೋ ಹನ್ನೊಂದನೆಯದೋ ಗಿಟಗಿಟ ಅಂದಿತು. ಊದಿದ ಕೈಗೆ ತಿಳಿಯದೆ ಸೇರಿಹೋಗಿದ್ದ ಒಂದೇ ಒಂದು ಒಳ್ಳೆಯ ಕಾಯಿ!

ಅದಕ್ಕೆ ದಾರ ಬಿಗಿದು, ಗಾಳಕ್ಕೆ ಕಪ್ಪೆ ಸಿಕ್ಕಿಸಿ ಕಿಂಡಿಗೆ ಬಿಟ್ಟರು. ಕಾಯಿ ಹಗುರಾಗಿ ತೇಲಿತು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಕಾದರು. ಸೊಳ್ಳೆಗಳು ಕಚ್ಚಿದವು. ಇನ್ನು ಕಚ್ಚಿ ಏನು ಮಾಡುತ್ತವೆ ಎಂದು ಓಡಿಸಲೂ ಇಲ್ಲ. ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಕೆಂಚಪ್ಪನಿಗೆ ತೂಕಡಿಕೆ ಹತ್ತಿತು.

ಗಿಟಗಿಟ.

ಕಣ್ಣು ಬಿಟ್ಟಾಗ ಕಾಯಿ ಕುಣಿಯುತ್ತಿತ್ತು. ಮುಳುಗಿತು. ಎದ್ದಿತು. ಮೀನು ಒಳಗೆ ನುಗ್ಗಿದ ರಭಸಕ್ಕೆ ಕಾಯಿ ಕಿಂಡಿಯ ಅಂಚಿಗೆ ಬಡಿದು ಬೇರಿನಲ್ಲಿ ಸಿಕ್ಕಿಕೊಂಡಿತು.

"ತಬ್ಬಿಕೋ! ಕೈಲಿ ಹಿಡೀಬ್ಯಾಡ, ತಬ್ಬಿಕೋ!"

ಕೆಂಚಪ್ಪ ಕಾಯಿಯನ್ನು ಎದೆಗವಚಿಕೊಂಡು ಹಿಂದಕ್ಕೆ ಉರುಳಿದ. ದಾರದ ಜೊತೆಗೆ ಮೊಣಕೈಯುದ್ದದ ಕಪ್ಪು ಕೊರವ ಬಾಗಿಲ ಮೇಲೆ ಬಂದು ಬಿತ್ತು. ತಿಮ್ಮಯ್ಯ ಅದರ ಮೇಲೆಯೇ ಮಲಗಿಬಿಟ್ಟ.

"ಚೀಲ?" ಅಂದ ಕೆಂಚಪ್ಪ.

"ಅಲ್ಲೇ ಇರ್ಲಿ ಬುಡು. ಎಳೆಯೋರ್ ಯಾರು?"

ಚೀಲ ಬಿಚ್ಚಿ ಬಿಟ್ಟು, ಹಗ್ಗ ಮತ್ತೆ ಬಾಗಿಲಿಗೆ ಕಟ್ಟಿ, ಅವರು ದಡ ಸೇರಿದಾಗ ಸಂಜೆಯಾಗಿತ್ತು. ಏರಿ ಹತ್ತಲು ಮೂವರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡರು. ಎದುರಾದವರು ಮೀನು ನೋಡಿದರು; ಆದರೆ ಹೊಗಳುವ ತ್ರಾಣ ಊರಿನಲ್ಲಿ ಯಾರಿಗೂ ಇರಲಿಲ್ಲ.

ಪಕ್ಕದ ಮನೆಯ ಚಿಕ್ಕಗೌರಮ್ಮ ಬಂದು ಸಾರು ಕಾಯಿಸಿ ಮುದ್ದೆ ತೊಳಸಿದಳು. ಪುಟ್ಟಗೌರಮ್ಮ ಗೋಡೆಗೊರಗಿ ಕೂತು ಒಂದು ತುತ್ತು ಅದ್ದಿ ನುಂಗಿದಳು. ಕೆಂಚಪ್ಪ ಉಸಿರು ಹಿಡಿದು ನೋಡುತ್ತಿದ್ದ.

ಅವಳು ನಾಲಿಗೆ ಚಪ್ಪರಿಸಿ ಹುಬ್ಬು ಗಂಟಿಕ್ಕಿದಳು. "ಸಾರಿಗೆ ಕೊಬ್ರಿ ಅರೆದವ್ಳೆ! ಮಾರೋ ಕೊಬ್ರಿ ಒಡೆದ್ರಾ? ಅಡಿಗೆ ಕಾಯಿ ರಾಶಿನೇ ಇತ್ತಲ್ಲ, ಎಲ್ಲೋದ್ವು?"

ಕೆಂಚಪ್ಪ ಮೀನಿನ ಮುಳ್ಳು ಹುಡುಕುವವನ ಹಾಗೆ ತಟ್ಟೆ ನೋಡಿದ. "ಕೆರೇಲವೆ," ಅಂದ.

"ಎಲ್ಲಾನೂವಾ?"

"ಎಲ್ಲಾನೂವೆ. ಕೊಬ್ರಿ ಉಳಿಸಾಣ ಅಂತ..."

ಪುಟ್ಟಗೌರಮ್ಮ ಅವನನ್ನೇ ನೋಡಿದಳು. ಒದ್ದೆ ಅಂಗಿ, ಕತ್ತಿನಲ್ಲಿ ಇನ್ನೂ ಅಂಟಿದ್ದ ಬೇರು, ಮಡಚಲಾಗದ ಬೆರಳು. ನಗು ಬಂದುಬಿಟ್ಟಿತು. ನಕ್ಕರೆ ಕೀಲೆಲ್ಲ ನೋಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. ಕಣ್ಣೊರೆಸಿಕೊಂಡು ಎರಡೂ ಕೈಯಿಂದ ತಟ್ಟೆ ಮುಂದಕ್ಕೆ ತಳ್ಳಿದಳು.

"ಇನ್ನರ್ಧ ಮುದ್ದೆ ಇಕ್ಕು ಚಿಕ್ಕಗೌರಿ."